ಅಳಿಯದೇವರ ವಾಹನ

ಹರಳೆಣ್ಣೆ ಒಣಗುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಹರಳೆಣ್ಣೆಗೂ ನನಗೂ ಬಹಳ ಹಳೆಯ ಸ್ನೇಹ. ಶನಿವಾರ ಶನಿವಾರ ಅದನ್ನು ತಲೆಗೆ ತಟ್ಟಿಸಿಕೊಂಡಿದ್ದೆ, ಆಗಾಗ ಮೂಗು ಮುಚ್ಚಿಕೊಂಡು ಕುಡಿದಿದ್ದೆ, ಅದರ ದೀಪದ ಮುಂದೆ ಓದಿ ಕೆಲವು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದೆ, ಕೆಲವದರಲ್ಲಿ ಆಗಿರಲಿಲ್ಲ. ಇಷ್ಟೆಲ್ಲ ಒಡನಾಟವಿದ್ದೂ ಅದು ಒಣಗುವ ಜಾತಿಯದೋ ಅಲ್ಲವೋ ಎಂದು ನಾನು ವಿಚಾರಿಸಿರಲಿಲ್ಲ. ನೆಂಟರಿಷ್ಟರ ವಿಷಯದಲ್ಲೂ ನಾವು ಹೀಗೇ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಉಂಡರೂ ಸ್ವಭಾವ ವಿಚಾರಿಸಲು ಹೋಗುವುದಿಲ್ಲ. ಆದರೆ ನೆಂಟರನ್ನು ಯಾರೂ ಮೋಟಾರಿಗೆ ಬಳಿಯುವುದಿಲ್ಲವಾದ್ದರಿಂದ ಅಲ್ಲಿ ನಷ್ಟ ಕಡಿಮೆ.

ನಾನು ಬಳಿದೆ. ನೆಂಟರನ್ನಲ್ಲ, ಹರಳೆಣ್ಣೆಯನ್ನು.

ಇದು ಹತ್ತು ವರ್ಷದ ಹಿಂದಿನ ಮಾತು. ಆಗ ಯುದ್ಧವಿರಲಿಲ್ಲ, ಪೆಟ್ರೋಲಿಗೆ ಕೂಪನ್ನಿರಲಿಲ್ಲ, ಎರಡೋ ಮೂರೋ ಬಿಟ್ಟರೆ ಮಧುಗಿರಿಯಲ್ಲಿ ಮೋಟಾರುಗಳೂ ಇರಲಿಲ್ಲ. ಆ ಮೂರನೆಯದು ನನ್ನದು. ನಾನು ಎರಡನೆಯ ದರ್ಜೆ ವಕೀಲ. ಅಂಥವನಿಗೆ ಮೋಟಾರು ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯ. ಫೀಸಿನ ರೂಪದಲ್ಲಿ ಬಂತು. ನಿಡುಗಲ್ಲಿನ ಕೋಟೆಯ ಕೆಳಗೆ ಒಬ್ಬರು ಹಳೆಯ ಮನೆತನದ ಯಜಮಾನರಿದ್ದರು. ಅವರ ಹಿರಿಯರು ಆ ಕೋಟೆಯನ್ನು ಕಾಯುತ್ತಿದ್ದರಂತೆ. ಇವರು ಕೋಟೆಯ ಕೆಳಗಿನ ಒಂದು ಬದುವನ್ನು ಕಾಯುತ್ತಿದ್ದರು. ಆ ಬದುವಿನ ವ್ಯಾಜ್ಯದಲ್ಲಿ ನನ್ನನ್ನು ವಕೀಲನಾಗಿ ಹಿಡಿದರು. ಎದುರು ಪಕ್ಷದ ವಕೀಲರಿಗೆ ವಾಯಿದೆಯ ದಿನ ಚಳಿಜ್ವರ ಬಂದು ನಾನು ವ್ಯಾಜ್ಯ ಗೆದ್ದೆ. ಯಜಮಾನರು ಬಹಳ ಸಂತೋಷಪಟ್ಟು, "ಕಾಸಿಲ್ಲ ಸಾಮಿ, ಮೋಟ್ರೈತೆ, ತಗಂಡೋಗಿ" ಎಂದರು.

ಮೋಟಾರು ಹುಣಿಸೆಮರದ ಕೆಳಗೆ ನಿಂತಿತ್ತು. ಎಷ್ಟು ವರ್ಷದಿಂದ ಎಂಬುದು ಮರಕ್ಕೆ ಗೊತ್ತು. ಹಿಂದಿನ ಸೀಟಿನಲ್ಲಿ ಮೂರು ತಲೆಮಾರಿನ ಕೋಳಿಗಳು ಮೊಟ್ಟೆಯಿಟ್ಟು ಮರಿ ಮಾಡಿದ್ದವು. ಮೂಗಿನ ಮೇಲಿದ್ದ ಹೆಸರಿನ ಬಿಲ್ಲೆಯನ್ನು ಯಾರೋ ಕಿತ್ತು ಕೂಸಿನ ಉಡಿದಾರಕ್ಕೆ ಕಟ್ಟಿದ್ದರು. ಆದ್ದರಿಂದ ಅದರ ಕುಲಗೋತ್ರ ಇವತ್ತಿಗೂ ನನಗೆ ಗೊತ್ತಿಲ್ಲ. ಎತ್ತು ಕಟ್ಟಿ ಎಳೆಸಿಕೊಂಡು ಬಂದೆ. ಸಿರಾದಿಂದ ಬಂದ ಮೆಕ್ಯಾನಿಕ್ ಸಾಬರೊಬ್ಬರು ವಾರವಿಡೀ ಅದರ ಕೆಳಗೆ ಮಲಗಿದ್ದು, ಎದ್ದು ಬಂದು, "ಇಂಜಿನ್ ಪೈಲ್ವಾನ್ ಐತೆ ಸ್ವಾಮಿ, ಮೈ ಮಾತ್ರ ಬೀಮಾರ್" ಎಂದು ಅಪ್ಪಣೆ ಕೊಡಿಸಿದರು. ಮೈ ನಿಜವಾಗಿಯೂ ಬೀಮಾರಾಗಿತ್ತು. ಬಣ್ಣವೆಂಬುದು ಬಾಗಿಲ ಸಂದಿಯಲ್ಲಿ ಬೆರಳಗಲ ಉಳಿದಿತ್ತು; ಮಿಕ್ಕದ್ದೆಲ್ಲ ತುಕ್ಕು. ಮಡ್‌ಗಾರ್ಡಿನಲ್ಲಿ ಮುಷ್ಟಿ ತೂರುವಷ್ಟು ತೂತು.

ನನ್ನ ಪಾಡಿಗೆ ಬಿಟ್ಟಿದ್ದರೆ ಆ ತುಕ್ಕಿನಲ್ಲೇ ಸುಖವಾಗಿ ಓಡಾಡಿಕೊಂಡಿರುತ್ತಿದ್ದೆ. ಆದರೆ ಆ ವರ್ಷ ನನ್ನ ಮಗಳು ಪದ್ಮನಿಗೆ ಸಿರಾದಲ್ಲಿ ಗಂಡು ಗೊತ್ತಾಯಿತು. ಹುಡುಗ ಹೈಸ್ಕೂಲು ಮೇಷ್ಟರು, ಸಾಧು. ಅವನ ತಂದೆ ಶೇಕದಾರರಾಗಿದ್ದು ಪೆನ್ಷನ್ ತೆಗೆದುಕೊಂಡವರು, ಸಾಧುವಲ್ಲ. ಅವರಿಗೆ ಬರೆದ ಕಾಗದದಲ್ಲಿ ನಾನು ನಮ್ಮ ಮನೆಯ ಅನುಕೂಲಗಳನ್ನು ವಿವರಿಸುತ್ತ ಕೊನೆಗೆ "ವಾಹನ ಸೌಕರ್ಯವೂ ಉಂಟು" ಎಂದು ಸೇರಿಸಿದ್ದೆ. ವಾಕ್ಯ ಚೆನ್ನಾಗಿ ಮುಗಿಯಲಿ ಎಂದು ಸೇರಿಸಿದ್ದೇ ಹೊರತು ಬೇರೆ ದುರುದ್ದೇಶವಿರಲಿಲ್ಲ. ಶೇಕದಾರರು ಮಿಕ್ಕದ್ದನ್ನೆಲ್ಲ ಬಿಟ್ಟು ಅದೊಂದನ್ನು ಹಿಡಿದುಕೊಂಡರು. ಶ್ರಾವಣದಲ್ಲಿ ಮದುವೆ, ಹಿಂದಿನ ಸಾಯಂಕಾಲ ಊರಾಚೆ ವರನನ್ನು ಎದುರುಗೊಳ್ಳುವುದು ಮೋಟಾರಿನಲ್ಲೇ ಆಗತಕ್ಕದ್ದು, ವರನೂ ವರನ ತಂದೆಯೂ ಅದರಲ್ಲಿ ಕೂತು ಊರೊಳಗೆ ಬರತಕ್ಕದ್ದು ಎಂದು ಉತ್ತರ ಬಂತು. ಸಿರಾದಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತಂತೆ. ಇದೇ ಪುಣ್ಯಾತ್ಮರು ಹಿರಿಯ ಮಗನ ಮದುವೆಯಲ್ಲಿ ವಾಲಗದವರು ಒಬ್ಬ ಕಡಿಮೆ ಎಂದು ದಿಬ್ಬಣವನ್ನು ಎರಡು ಗಂಟೆ ಊರ ಹೊರಗೆ ಕೂರಿಸಿ, ಆಮೇಲೆ ಗಾಡಿಗಳನ್ನು ಹಿಂದಕ್ಕೆ ತಿರುಗಿಸಿಯೂ ಇದ್ದರಂತೆ. ಯಾರೋ ಎತ್ತಿನ ಮೂಗುದಾರ ಹಿಡಿದುಕೊಂಡದ್ದರಿಂದ ಆ ಮದುವೆ ನಡೆಯಿತು. ಮೋಟಾರಿಗೆ ಮೂಗುದಾರವಿಲ್ಲ.

ಹುಡುಗ ನೋಡಿಕೊಂಡು ಹೋದ ಮಾರನೆಯ ದಿನದಿಂದ ಪದ್ಮ ಅಕ್ಕಿ ಆರಿಸುವಾಗ ಹಾಡಿಕೊಳ್ಳತೊಡಗಿದ್ದಳು. ಹದಿನೆಂಟು ವರ್ಷದಲ್ಲಿ ನಮ್ಮ ಮನೆಯ ಅಕ್ಕಿಗೆ ಯಾರೂ ಹಾಡಿರಲಿಲ್ಲ. ಅನ್ನದಲ್ಲಿ ಕಲ್ಲೂ ಜಾಸ್ತಿ ಬರುತ್ತಿತ್ತು. ನಾನು ಮಾತಾಡದೆ ನುಂಗುತ್ತಿದ್ದೆ. ಈ ಮದುವೆ ತಪ್ಪಬಾರದು ಎಂದು ನನಗೆ ಪ್ರತಿ ತುತ್ತಿಗೂ ಮನವರಿಕೆಯಾಗುತ್ತಿತ್ತು.

ಬಣ್ಣದ ಕೆಲಸಕ್ಕೆ ಮೋಟಾರನ್ನು ಬೆಂಗಳೂರಿಗೆ ಕಳಿಸುವ ಶಕ್ತಿ ನನಗಿರಲಿಲ್ಲ. ಮದುವೆಯ ಖರ್ಚಿಗೇ ಕೈ ಬಿಗಿಹಿಡಿದಿದ್ದೆ. ಮನೆಯಲ್ಲೇ ಹಾಕುವುದೆಂದು ತೀರ್ಮಾನಿಸಿದೆ. ವಿದ್ಯಾವಂತನಾದವನು ಯಾವ ಕೆಲಸವನ್ನಾದರೂ ತತ್ತ್ವದಿಂದ ಪ್ರಾರಂಭಿಸುತ್ತಾನೆ. ಬಣ್ಣವೆಂದರೇನು? ಒಂದು ಪುಡಿ, ಒಂದು ಎಣ್ಣೆ. ಪುಡಿಗೆ ಅಡಿಗೆಮನೆಯ ಮಸಿ ಇತ್ತು, ತಾತನ ಕಾಲದ್ದು. ಎಣ್ಣೆಗೆ ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಇತ್ತು. ಕುಂಚಕ್ಕೆ ಗೋಡೆಗೆ ಸುಣ್ಣ ಬಳಿಯುವ ಕತ್ತಾಳೆ ನಾರಿನ ಜುಟ್ಟು. ಒಂದು ಕಾಸಿನ ಖರ್ಚಿಲ್ಲ. ಬಣ್ಣದ ವ್ಯಾಪಾರಿಗಳು ಇಷ್ಟು ದಿನ ಲೋಕವನ್ನು ಹೇಗೆ ಮೋಸಗೊಳಿಸುತ್ತಿದ್ದರೆಂದು ಯೋಚಿಸುತ್ತ, ಆಷಾಢದ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮೋಟಾರಿಗೆ ನಖಶಿಖಾಂತ ಬಳಿದೆ. ಕಪ್ಪಗೆ ಮಿರಿಮಿರಿ ಮಿಂಚಿತು. ಅದರಲ್ಲಿ ನನ್ನ ಮುಖವೂ ಕಂಡಿತು, ಅದೂ ಕಪ್ಪಗೆ.

ಆಷಾಢದಲ್ಲಿ ನಮ್ಮ ಸೀಮೆಯ ಗಾಳಿ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಮಳೆ ಪಕ್ಕದ ತಾಲ್ಲೂಕಿಗೂ ಬರುವುದಿಲ್ಲ. ಗಾಳಿ ಮಾತ್ರ ಇಲ್ಲೇ ಬಿಡಾರ ಹೂಡುತ್ತದೆ. ಅದೇ ಹೊತ್ತಿಗೆ ನಮ್ಮ ಮನೆಯಾಕೆ, ತಾನೂ ಒಂದು ಕೈ ಹಾಕೋಣವೆಂಬ ಸದುದ್ದೇಶದಿಂದ, ಮೋಟಾರಿನ ಸೀಟುಗಳನ್ನು ಹೊರಗೆ ಹಾಕಿ ದೊಣ್ಣೆಯಿಂದ ಬಡಿದಳು. ಮೂರು ತಲೆಮಾರಿನ ಕೋಳಿಗಳ ಪುಕ್ಕವೆಲ್ಲ ಒಮ್ಮೆಲೇ ಆಕಾಶಕ್ಕೆ ಎದ್ದು, ಗಾಳಿಯಲ್ಲಿ ಒಂದು ಸುತ್ತು ಬಂದು, ಇಳಿಯಲು ಜಾಗ ಹುಡುಕಿತು.

ನಾಳೆ ಒಣಗಿದ ಮೇಲೆ ಉದುರುತ್ತದೆ ಎಂದುಕೊಂಡೆ. ನಾಳೆ ಒಣಗಲಿಲ್ಲ. ನಾಡಿದ್ದೂ ಒಣಗಲಿಲ್ಲ. ಎಂಟು ದಿನವಾದ ಮೇಲೆ ಪಕ್ಕದ ಮನೆಯ ಪಂಡಿತರು ಬಂದು ಬೆರಳಿಟ್ಟು, ಮೂಸಿ, "ಹರಳೆಣ್ಣೆಯೇ? ಒಣಗುವುದು ಅಗಸೆ ಎಣ್ಣೆಯಪ್ಪ. ಇದು ಪ್ರಳಯಕ್ಕೂ ಒಣಗುವುದಿಲ್ಲ" ಎಂದು ಬೆರಳನ್ನು ನಮ್ಮ ಕಂಬಕ್ಕೆ ಒರೆಸಿ ಹೋದರು. ಮೈತುಂಬ ಗರಿ ಮೂಡಿದ ಮೋಟಾರು ಅಂಗಳದಲ್ಲಿ ಗಾಳಿಗೆ ಪುಕ್ಕ ಅಲ್ಲಾಡಿಸುತ್ತ ನಿಂತಿತ್ತು. ಇನ್ನೊಂದು ಜೋರು ಗಾಳಿ ಬಂದರೆ ಹಾರಿಹೋಗಬಹುದೆಂಬ ಆಸೆ ನನಗೆ ಒಳಗೊಳಗೇ ಇತ್ತು.

ಗತಿಯಿಲ್ಲದೆ ನಿಡುಗಲ್ಲಿನ ಯಜಮಾನರಿಗೆ ಒಂದು ಕಾರ್ಡು ಬರೆದೆ. ಇಲ್ಲಿ ನನ್ನದೊಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ಮಾತಿನಲ್ಲಿ ನಾನು ಎಲ್ಲರಂತೆ ಮೋಟಾರು, ಕೋರ್ಟು, ಲಾಯರು ಎನ್ನುತ್ತೇನೆ. ಕೈಗೆ ಲೇಖಣಿ ಬಂದರೆ ಮಾತ್ರ ನನ್ನೊಳಗಿನ ಪಂಡಿತ ಎದ್ದು ಕೂರುತ್ತಾನೆ. "ನಮ್ಮ ವಾಹನಕ್ಕೆ ವರ್ಣಲೇಪನವಾಗಬೇಕಾಗಿದೆ. ಬಲ್ಲವರಿದ್ದಲ್ಲಿ ತ್ವರಿತವಾಗಿ ಕಳುಹಿಸಿಕೊಡುವುದು" ಎಂದು ಬರೆದೆ. ಈಗ ನೋಡಿ, ನಮ್ಮ ಸೀಮೆಯಲ್ಲಿ ಮೋಟಾರನ್ನು ವಾಹನವೆಂದವನು ಅಂದಿಗೆ ನಾನೊಬ್ಬನೇ. ಮಿಕ್ಕ ಸಮಸ್ತರಿಗೂ ವಾಹನವೆಂದರೆ ದೇವರನ್ನು ಕೂರಿಸಿ ಹೊರುವಂಥದ್ದು: ನಂದಿ, ಹಂಸ, ನವಿಲು, ಗರುಡ. ವಹಿಸುವುದರಿಂದ ವಾಹನ ಎಂದು ವ್ಯಾಕರಣ ಹೇಳುತ್ತದೆ. ಹೊರುವವನಿಗೂ ಹೊರಿಸಿಕೊಳ್ಳುವವನಿಗೂ ಗಾತ್ರದ ಸಂಬಂಧವಿರಬೇಕೆಂದು ಅದು ಹೇಳುವುದಿಲ್ಲ. ಹಾಗಿದ್ದರೆ ಗಣಪತಿ ಇಲಿಯನ್ನು ಆರಿಸುತ್ತಿರಲಿಲ್ಲ. ಇಲಿಯ ಅಭಿಪ್ರಾಯವನ್ನು ಯಾವ ಪುರಾಣವೂ ದಾಖಲು ಮಾಡಿಲ್ಲ.

ಯಜಮಾನರು ಕಾರ್ಡನ್ನು ಓದಿಸಿಕೊಂಡು ತಮ್ಮೂರಿನ ಚಿತ್ರಗಾರ ಓಬಳಪ್ಪನನ್ನು ಕಳಿಸಿದರು. ಸುತ್ತಿನ ಹಳ್ಳಿಗಳ ದೇವಸ್ಥಾನಗಳಲ್ಲಿ ವಾಹನಗಳಿಗೆ ಬಣ್ಣ ಹಾಕುವುದು ಅವನ ವಂಶದ ಕೆಲಸ. ಅರವತ್ತು ದಾಟಿದ ಬಡಕಲು ಮನುಷ್ಯ, ಹೆಗಲಲ್ಲಿ ಒಂದು ಗಂಟು, ಕೈಯಲ್ಲಿ ಕೊಡೆ. ನಾನು ಕರೀಕೋಟು ತೊಟ್ಟು ಕೋರ್ಟಿಗೆ ಹೊರಟಿದ್ದ ಸಮಯಕ್ಕೆ ಬಂದ. ಅಂಗಳದಲ್ಲಿ ಗರಿಬಿಟ್ಟು ನಿಂತಿದ್ದ ಮೋಟಾರನ್ನು ಕಂಡವನೇ ಕೊಡೆ ಮಡಿಸಿ, ಎಕ್ಕಡ ಬಿಟ್ಟು, ಸುತ್ತ ಒಂದು ಪ್ರದಕ್ಷಿಣೆ ಬಂದ.

"ಅಬ್ಬೋ! ಗರುಡ ವಾಹನ," ಎಂದ.

ನಾನು ಅದನ್ನು ಹಾಸ್ಯವೆಂದು ತಿಳಿದೆ. ಅಷ್ಟು ದಿನದಲ್ಲಿ ಊರಿನವರೆಲ್ಲ ಒಂದೊಂದು ಹಾಸ್ಯ ಮಾಡಿ ಹೋಗಿದ್ದರು.

"ಬೆಂಗ್ಳೂರಾಗೆ ದ್ಯಾವ್ರುನ್ನೂ ಮೋಟ್ರು ಮ್ಯಾಲೆ ಕುಂಡ್ರಿಸ್ತಾರೆ ಅಂತ ಕೇಳಿದ್ದೆ. ಇವತ್ತು ಕಣ್ಣಾರ ಕಂಡೆ. ಯಾವ ದ್ಯಾವ್ರಿಗೆ ಸಾಮಿ ಇದು?"

ಶೇಕದಾರರ ನಾಲ್ಕನೆಯ ಕಾಗದ ಅವತ್ತೇ ಬಂದಿತ್ತು. ನಾನು ಪೇಟ ಸರಿಮಾಡಿಕೊಳ್ಳುತ್ತ, "ಅಳಿಯದೇವರಿಗಪ್ಪ" ಎಂದೆ.

"ಅಳಿಯದ್ಯಾವ್ರಾ? ಯಾವ ಕಡೆ?"

"ಸಿರಾ ಕಡೆ."

"ಕಂಡಿಲ್ಲ ಸಾಮಿ. ಉಗ್ರನೋ, ಸೌಮ್ಯನೋ?"

"ಅಪ್ಪ ಉಗ್ರ, ಮಗ ಸೌಮ್ಯ. ಕೂರುವವರು ಇಬ್ಬರೂ."

"ಸರೇ," ಎಂದು ತಲೆದೂಗಿದ. "ಇಬ್ರಿಗೂ ಒಪ್ಪಂಗೆ ಮಾಡ್ತೀನಿ ಬುಡಿ."

ಈ ಸಂಭಾಷಣೆಯನ್ನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಪಾಟೀಸವಾಲು ಮಾಡಿ ನೋಡಿದ್ದೇನೆ. ಸಾಕ್ಷಿ ಎಲ್ಲೂ ಸುಳ್ಳು ಹೇಳಿಲ್ಲ. ವಕೀಲನೂ ಹೇಳಿಲ್ಲ. ಇಬ್ಬರೂ ನಿಜವನ್ನೇ ಆಡಿ ಇಷ್ಟು ದೂರ ಹೋದ ಮೊಕದ್ದಮೆಯನ್ನು ನಾನು ಬೇರೆ ಕಂಡಿಲ್ಲ.

ಮಾರನೆಯ ದಿನ ಓಬಳಪ್ಪ ಮೋಟಾರನ್ನು ದನದ ಕೊಟ್ಟಿಗೆಗೆ ನೂಕಿಸಿ, ನಮ್ಮ ಮನೆಯಾಕೆಯ ಹಳೆಯ ಸೀರೆಗಳಿಂದ ಸುತ್ತ ಪರದೆ ಕಟ್ಟಿದ. ಕೆಲಸ ಮುಗಿಯುವವರೆಗೆ ಯಾರೂ ನೋಡಕೂಡದು, ಅದು ಪದ್ಧತಿ ಎಂದ. ತಾನು ದಿನಕ್ಕೊಂದೂಟ ಮಾತ್ರ ಮಾಡುತ್ತೇನೆ ಎಂದೂ ಹೇಳಿದ. ನನ್ನ ಖರ್ಚಿನ ದೃಷ್ಟಿಯಿಂದ ಇದು ಬಹಳ ಉತ್ತಮ ಪದ್ಧತಿಯಾಗಿ ತೋರಿತು. ಅವನು ಕೇಳಿದ ಸಾಮಾನೂ ಅಂಥದ್ದೇ. ಹರಳೆಣ್ಣೆ ಕೆರೆಯಲು ಬೂದಿ, ತುಕ್ಕು ತಿಕ್ಕಲು ಹುಣಿಸೆಹಣ್ಣು ಮತ್ತು ಇಟ್ಟಿಗೆ ಪುಡಿ, ತೂತು ಮುಚ್ಚಲು ಹಳೆಯ ಪಂಚೆ. ಹುಣಿಸೆಬೀಜ ಅರೆದು ಬೇಯಿಸಿದ ಅಂಟಿನಲ್ಲಿ ಪಂಚೆಯ ಚೂರುಗಳನ್ನು ಅದ್ದಿ ಒಂದರ ಮೇಲೊಂದು ಅಂಟಿಸಿ, ಮೇಲೆ ಸುಣ್ಣದ ಮಣ್ಣು ಮೆತ್ತಿ ಒಣಗಿಸಿದರೆ ಮರದಷ್ಟು ಗಟ್ಟಿಯಾಗುತ್ತದೆ. ಹುಲಿಕುಂಟೆಯ ಕಡೆಯಿಂದ ಬಂದ ಕುರಿಮಂದೆಯೊಂದು ಬೀದಿಯಲ್ಲಿ ಹಾದುಹೋಗುವಾಗ ಅದರಲ್ಲಿದ್ದ ಮೇಕೆಯೊಂದು ಪರದೆಯೊಳಗೆ ತಲೆ ಹಾಕಿ ಬಲಗಡೆಯ ಮಡ್‌ಗಾರ್ಡನ್ನು ಅರ್ಧ ತಿಂದುಹಾಕಿತು. ಅದಕ್ಕೂ ಇನ್ನೊಂದು ಪಂಚೆ ಹೋಯಿತು.

ಆ ದಿನಗಳಲ್ಲಿ ಪರದೆಯ ಆಚೆಯಿಂದ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು, ಓಬಳಪ್ಪ ಗುನುಗುವ ತೆಲುಗು ಪದ ಕೇಳುತ್ತಿತ್ತು. ನಮ್ಮ ಮನೆಯಾಕೆ ದಿನವೂ ಅವನಿಗೆ ಊಟ ಕೊಟ್ಟು ಬಂದು, "ಎಂಥ ಮಡಿವಂತ ಅಂದ್ರೆ! ನೀವೂ ಇದೀರಿ" ಎನ್ನುತ್ತಿದ್ದಳು. ನಾನು ಕಪ್ಪು ಬಣ್ಣವನ್ನೇ ಹಾಕೆಂದು ಅವನಿಗೆ ಹೇಳಲಿಲ್ಲ. ಮೋಟಾರೆಂದರೆ ಕಪ್ಪು ಎಂಬುದು ಪ್ರಪಂಚಕ್ಕೆಲ್ಲ ತಿಳಿದ ವಿಷಯವೆಂದು ನನ್ನ ಭಾವನೆಯಾಗಿತ್ತು.

ಮದುವೆಗೆ ನಾಲ್ಕು ದಿನವಿದ್ದಾಗ ಕೆಲಸ ಮುಗಿಯುವ ಹಂತಕ್ಕೆ ಬಂತು. ಅವತ್ತು ಬೆಳಿಗ್ಗೆ ಓಬಳಪ್ಪ ತಲೆಗೆ ನೀರು ಹಾಕಿಕೊಂಡು ಬಂದು ಒಂದು ಕನ್ನಡಿ, ಒಂದು ತೆಂಗಿನಕಾಯಿ, ಕರು ಸಮೇತ ಒಂದು ಹಸು ಬೇಕೆಂದ. ಕೋರ್ಟಿಗೆ ಹೊತ್ತಾಗಿತ್ತು. ನನ್ನ ಕ್ಷೌರದ ಕನ್ನಡಿ ಒಡೆದಿತ್ತಾದ್ದರಿಂದ ಪರದೆಯೊಳಗೆ ಕೈಹಾಕಿ ತಡವಿ, ಮೋಟಾರಿನಲ್ಲಿ ಹಿಂದಿನದನ್ನು ನೋಡಿಕೊಳ್ಳಲು ಇದ್ದ ಕನ್ನಡಿಯನ್ನೇ ಬಿಚ್ಚಿಕೊಟ್ಟೆ. ಕನ್ನಡಿಯಲ್ಲಿ ನೋಡಿಕೊಂಡು ಏನೋ ನಾಜೂಕಿನ ಗೆರೆ ಎಳೆಯುತ್ತಾನೆಂದು ಊಹಿಸಿದೆ. ಊಹೆ ಸರಿಯಾಗಿತ್ತು. ಅವನು ಎಳೆಯಹೊರಟದ್ದು ಕಣ್ಣು. ವಾಹನಕ್ಕೆ ಕಟ್ಟಕಡೆಗೆ ಕಣ್ಣು ಬರೆಯಬೇಕು. ಬರೆಯುವಾಗ ನೇರ ನೋಡಬಾರದು, ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನೋಡಿಕೊಂಡೇ ಬರೆಯಬೇಕು. ಕಣ್ಣು ತೆರೆದ ಕೂಡಲೇ ಮೊದಲ ದೃಷ್ಟಿ ಹಸುವಿನ ಮೇಲೆ ಬೀಳಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಮನೆಗೆ ಬಂದೆ. ಕೊಟ್ಟಿಗೆಯ ಮುಂದೆ ಹಸು, ಕರು, ನಮ್ಮ ಮನೆಯಾಕೆ, ಪದ್ಮ ಎಲ್ಲರೂ ಸಾಲಾಗಿ ನಿಂತಿದ್ದರು. ಕೆಲಸ ಮುಗಿಯಿತೇನೋ ಎಂಬ ಉತ್ಸಾಹದಲ್ಲಿ, ಕರೀಕೋಟಿನಲ್ಲೇ, ಹಸುವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಪರದೆ ಸರಿಸಿದೆ.

ನನ್ನ ಎದುರಿಗೆ ಗರುಡನಿದ್ದ.

ರೇಡಿಯೇಟರಿನ ಮೇಲಿಂದ ಇಳಿದ ಚಿನ್ನದ ಬಣ್ಣದ ಕೊಕ್ಕು. ಎರಡು ಬಾಗಿಲುಗಳ ಮೇಲೆ ಹರಡಿದ ಹಸಿರು, ಕೆಂಪು, ನೀಲಿಯ ರೆಕ್ಕೆ, ಒಂದೊಂದು ಗರಿಗೂ ಬಿಳಿಯ ಅಂಚು. ಬಾನೆಟ್ಟಿನ ಮೇಲೆ ತಿರುನಾಮ. ದೀಪಗಳ ಮೇಲುಗಡೆ, ಎರಡು ಕಡೆ, ಅಂಗೈಯಗಲದ ಕಣ್ಣುಗಳು. ಅವು ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು.

"ಅಯ್ಯಯ್ಯೋ ಸಾಮಿ! ಹಸಿನ ಮ್ಯಾಲೆ ಬೀಳ್ಬೇಕಾದ್ದು ನಿಮ್ ಮ್ಯಾಲೆ ಬಿದ್ಬುಡ್ತಲ್ಲ ದೃಷ್ಟಿ!" ಎಂದು ಓಬಳಪ್ಪ ತಲೆಯ ಮೇಲೆ ಕೈಹೊತ್ತುಕೊಂಡ.

"ಬಿದ್ದರೆ ಏನಾಗುತ್ತೆ?"

"ಇನ್ನು ನಿಮ್ಮುನ್ನ ಬುಡಾಕಿಲ್ಲ ಅದು."

"ಪರವಾಗಿಲ್ಲ ಬಿಡಪ್ಪ," ಎಂದಳು ನಮ್ಮ ಮನೆಯಾಕೆ, ಕಾಯಿ ಕೈಗೆತ್ತಿಕೊಳ್ಳುತ್ತ. "ಸಾಧುತನದಲ್ಲಿ ಹಸುವಿಗೂ ಇವರಿಗೂ ಅಷ್ಟೇನೂ ವ್ಯತ್ಯಾಸವಿಲ್ಲ."

ಮೇಲೊಂದು ಸಲ ಕಪ್ಪು ಬಳಿದುಬಿಡೋಣ ಎಂದೆ. ಓಬಳಪ್ಪ ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಮನೆಯಾಕೆ ಮುಂದೆ ಬಂದಳು. ತೆರೆದ ಕಣ್ಣಿಗೆ ಮಸಿ ಬಳಿಯುವುದು, ಅದೂ ಮಗಳ ಮದುವೆಗೆ ನಾಲ್ಕು ದಿನವಿರುವಾಗ, ನೀವು ಓದಿದ್ದೆಲ್ಲ ಇದಕ್ಕೇನಾ ಎಂದಳು. ನಾನು ಪದ್ಮನ ಕಡೆ ನೋಡಿದೆ. ಅವಳ ಕಣ್ಣಂಚಿನಲ್ಲಿ ನೀರಿತ್ತು. "ತುಂಬಾ ಚೆನ್ನಾಗಿದೆ ಅಪ್ಪಾ. ಆದರೆ ಅವರು ಹಿಂದಕ್ಕೆ ಹೋಗಿಬಿಡ್ತಾರೇನೋ" ಎಂದಳು. ಎರಡು ಮಾತೂ ನಿಜವಾಗಿತ್ತು. ಅವತ್ತಿನಿಂದ ಅವಳು ಅಕ್ಕಿ ಆರಿಸುವಾಗ ಹಾಡಲಿಲ್ಲ. ಅನ್ನದಲ್ಲಿ ಒಂದು ಕಲ್ಲೂ ಇರಲಿಲ್ಲ. ನನಗೆ ಊಟ ಸೇರಲಿಲ್ಲ.

ಎದುರುಗೊಳ್ಳುವ ಸಾಯಂಕಾಲ ಬಂದೇ ಬಂತು. ಸಿರಾ ರಸ್ತೆಯಲ್ಲಿ, ಊರಾಚೆಯ ಹೊಂಗೆಮರದ ಹತ್ತಿರ, ದಿಬ್ಬಣ ಸರ್ವೀಸು ಬಸ್ಸಿನಿಂದ ಇಳಿದು ನಿಂತಿತ್ತು. ನಾನು ವಾಹನವನ್ನು ನಡೆಸಿಕೊಂಡು ಹೋದೆ. ನನ್ನ ಹಿಂದೆ ವಾಲಗ, ಅದರ ಹಿಂದೆ ನಮ್ಮವರು, ಎಲ್ಲರಿಗಿಂತ ಮುಂದೆ ಕೊಡೆ ಹಿಡಿದು ಬರಿಗಾಲಲ್ಲಿ ಓಬಳಪ್ಪ. ಅಳಿಯದೇವರನ್ನು ಕಣ್ಣಾರೆ ನೋಡಿಯೇ ಊರಿಗೆ ಹೋಗುತ್ತೇನೆಂದು ಉಳಿದುಕೊಂಡಿದ್ದ. ಅವನು ಮೆರುಗಿಗೆ ಬಳಿದಿದ್ದ ಚಂದ್ರಸವೆಂಬ ಅಂಟು ಇಂಜಿನ್ನಿನ ಕಾವಿಗೆ ಬಿಸಿಯಾಗಿ ಬಾನೆಟ್ಟಿನಿಂದ ಧೂಪದ ವಾಸನೆ ಏಳುತ್ತಿತ್ತು. ನೀರು ಕುದಿದು ಕೊಕ್ಕಿನ ಎರಡೂ ಕಡೆಯಿಂದ ಹಬೆ ಬರುತ್ತಿತ್ತು. ವಾಲಗದವರು ಅಭ್ಯಾಸಬಲದಿಂದ ಮದುವೆಯ ಪದ ಬಿಟ್ಟು ದೇವರನ್ನು ಹೊರಡಿಸುವಾಗಿನದನ್ನು ಹಿಡಿದುಬಿಟ್ಟರು.

ದಿಬ್ಬಣದ ಹೆಂಗಸರೆಲ್ಲ ಕೈಮುಗಿದರು. ಶೇಕದಾರರು ಮಾತ್ರ ಮುಗಿಯಲಿಲ್ಲ. ಜರಿಪೇಟ, ಮುಚ್ಚುಕೋಟು, ಕೈಯಲ್ಲಿ ಬೆಳ್ಳಿಕಟ್ಟಿನ ಬೆತ್ತ. ಮುಖದ ಮೇಲೆ ಏನನ್ನೂ ತೋರಿಸದೆ ನೆಟ್ಟಗೆ ಬಂದು, ಮುಂದಿನ ಸೀಟಿಗೆ ಹತ್ತಲು ಮೆಟ್ಟಿಲ ಮೇಲೆ ಬಲಗಾಲಿಟ್ಟರು.

"ಕಾಲು ತೆಗಿಯೋ ಸೀನಾ!"

ಕೂಗಿದವರು ಶೇಕದಾರರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನು ಮಾಡಿದವರು. ಸರ್ಕಾರದಲ್ಲಿ ಅವರು ಶೇಕದಾರರಾದರೂ ಈಕೆಯ ಪಾಲಿಗೆ ಸೀನನೇ. "ಗರುಡನ ರೆಕ್ಕೆ ಮೇಲೆ ಎಕ್ಕಡದ ಕಾಲು ಇಡ್ತೀಯಾ? ಕಣ್ಣು ಕಾಣಲ್ವಾ?"

ಶೇಕದಾರರು ಕಾಲು ತೆಗೆದರು. ತೆಗೆದ ಕಾಲನ್ನು ಎಲ್ಲಿಡಬೇಕೆಂದು ಒಂದು ಕ್ಷಣ ಯೋಚಿಸಿ, ನನ್ನ ಕಡೆ ತಿರುಗಿದರು.

"ಮೋಟಾರು ಅಂದಿದ್ದಿರಿ ತಾವು."

"ಇದು ಮೋಟಾರೇ."

"ಇದು ದೇವರ ವಾಹನ ಸ್ವಾಮಿ."

"ವಾಹನ ಅಂತಲೇ ಬರೆದಿದ್ದೆ," ಎಂದೆ. ನನ್ನ ವೃತ್ತಿಜೀವನದಲ್ಲಿ ನಾನು ಹೂಡಿದ ವಾದಗಳಲ್ಲೆಲ್ಲ ಇದು ಅತ್ಯಂತ ನಿರ್ದುಷ್ಟವಾದದ್ದು. ಪರಿಣಾಮವೂ ಅದಕ್ಕೆ ತಕ್ಕಂತೆ ಆಯಿತು. ಶೇಕದಾರರು ಬಸ್ಸಿನ ಕಡೆ ಬೆತ್ತವೆತ್ತಿ, "ಸಾಮಾನು ಇಳಿಸಬೇಡಿ. ಇಳಿಸಿದ್ದನ್ನ ಮೇಲಕ್ಕೆ ಹಾಕಿ" ಎಂದರು.

ವಾಲಗ ನಿಂತಿತು. ಇಂಜಿನ್ನು ಮಾತ್ರ ಬಡಿದುಕೊಳ್ಳುತ್ತಿತ್ತು. ಮದುವೆ ಗಂಡು ಹೊಂಗೆಮರದ ಕೆಳಗೆ, ಪಾಠ ಮರೆತ ಹುಡುಗನಂತೆ, ತನ್ನ ಉಂಗುರವನ್ನು ತಿರುಗಿಸುತ್ತ ನಿಂತಿದ್ದ. ನನಗೆ ಮನೆಯಲ್ಲಿ ಅರಿಸಿನ ಹಚ್ಚಿಸಿಕೊಂಡು ಕೂತಿದ್ದವಳ ನೆನಪಾಯಿತು. ಹರಳೆಣ್ಣೆಯಿಂದ ಹಿಡಿದು ವ್ಯಾಕರಣದವರೆಗೆ ನನ್ನ ತಪ್ಪುಗಳೆಲ್ಲ ಸಾಲಾಗಿ ಬಂದು ನಮಸ್ಕಾರ ಹೇಳಿದವು.

ಆಗ ಓಬಳಪ್ಪ, ಏನು ನಡೆಯುತ್ತಿದೆಯೆಂಬ ಗೊಡವೆಯೇ ಇಲ್ಲದೆ, ಹಣೆಗೆ ಕೈ ಅಡ್ಡವಿಟ್ಟು ದಿಬ್ಬಣವನ್ನೆಲ್ಲ ಹುಡುಕಿ ನೋಡಿ, "ಸಾಮಿ, ಅಳಿಯದ್ಯಾವ್ರು ಎಲ್ಲಿ? ಇನ್ನೂ ಪೆಟ್ಟಿಗ್ಯಾಗೆ ಐತಾ?" ಎಂದ.

"ಯಾವ ದೇವರಪ್ಪ ಅದು?" ಎಂದರು ಆ ಅಕ್ಕ.

"ಈ ವಾಹ್ನದ ಮ್ಯಾಲೆ ಕುಂಡ್ರೋ ದ್ಯಾವ್ರು ಕಣಮ್ಮ. ಸಿರಾದಿಂದ ಬತ್ತದೆ ಅಂದಿದ್ರು. ಸೌಮ್ಯ ಅಂತೆ."

ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. ಹೊಂಗೆಮರದ ಕೆಳಗೆ ನಿಂತಿದ್ದ ಮೇಷ್ಟರನ್ನು ತೋರಿಸಿದೆ. ಓಬಳಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೊಡೆ ಮಡಿಸಿ ಕಂಕುಳಲ್ಲಿಟ್ಟು, ಕೈಮುಗಿದ.

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ತಮ್ಮನ ಕಡೆ ತಿರುಗಿದರು.

"ಅವನು ಹೇಳಿದ್ದರಲ್ಲಿ ತಪ್ಪೇನೋ? ನಾಳೆ ಬೆಳಿಗ್ಗೆ ಇವರು ನಿನ್ನ ಮಗನ ಕಾಲು ತೊಳೆದು, ಸಾಕ್ಷಾತ್ ನಾರಾಯಣ ಅಂತ ಧಾರೆ ಎರೀತಾರೋ ಇಲ್ವೋ? ನಾಳೆ ನಾರಾಯಣ ಆಗೋನು ಇವತ್ತು ಗರುಡನ ಮೇಲೆ ಕೂತರೆ ಏನು ಗಂಟು ಹೋಗುತ್ತೆ? ಯಾರ ಮನೆ ಗಂಡಿಗೆ ಸಿಕ್ಕಿತ್ತು ಇಂಥ ಮರ್ಯಾದೆ? ಇಳಿಸ್ರೋ ಸಾಮಾನ್ನ!"

"ಹಾಗಾದರೆ ನಾನು..." ಎಂದರು ಶೇಕದಾರರು.

"ನೀನು ಯಾವ ದೇವರು? ನಡಿ."

ಶೇಕದಾರರು ಸ್ವಲ್ಪ ಹೊತ್ತು ಬೆತ್ತವನ್ನು ನೋಡಿಕೊಂಡರು. ಆಮೇಲೆ, ಸಂಪ್ರದಾಯ ಬಲ್ಲವರು ತಾವೇ ಎಂಬಂತೆ, ಎಲ್ಲರಿಗೂ ಕೇಳುವ ಹಾಗೆ, "ದೇವರ ಹಿಂದೆ ನಡೆಯುವುದೇ ಸರಿ" ಎಂದು ಎಕ್ಕಡ ಬಿಟ್ಟು ಬಸ್ಸಿನಲ್ಲಿಡಿಸಿದರು. ನನಗೆ ಅವರ ಮೇಲೆ ಆ ಕ್ಷಣದಲ್ಲಿ ಹುಟ್ಟಿದ ಗೌರವ ಇಂದಿಗೂ ಇದೆ. ಸೋತ ಮೊಕದ್ದಮೆಯನ್ನು ಅಷ್ಟು ಚೆನ್ನಾಗಿ ಸೋಲುವ ಕಕ್ಷಿದಾರರು ನನಗೆ ಯಾವತ್ತೂ ಸಿಕ್ಕಿಲ್ಲ.

ಒಂದು ಪ್ರಶ್ನೆ ಉಳಿದಿತ್ತು. ಶೇಕದಾರರೇ ಅದನ್ನು ಎತ್ತಿದರು. "ದೇವರಲ್ಲದವರು ಹತ್ತಬಾರದು ಅಂದರೆ, ಇವರು ಹೇಗೆ ಕೂತಿದಾರೆ?"

"ನಡ್ಸೋರು ಕುಂತಂಗಲ್ಲ ಸಾಮಿ," ಎಂದ ಓಬಳಪ್ಪ. "ಅವ್ರು ವಾಹ್ನದಾಗೇ ಸೇರೋದು. ರೆಕ್ಕೆ ಇದ್ದಂಗೆ."

ಹೀಗೆ ನಾನು ಮದುವೆ ಗಂಡನ್ನು ಊರೊಳಗೆ ತಂದೆ. ದಾರಿಯುದ್ದಕ್ಕೂ ಮನೆಮನೆಯ ಮುಂದೆ ಆರತಿ ಎತ್ತಿದರು, ನೀರು ಹಾಕಿದರು, ಒಬ್ಬರು ಬಾನೆಟ್ಟಿಗೆ ಕಾಯಿ ಒಡೆಯಲೂ ಬಂದರು. ಮಾರನೆಯ ದಿನ ಧಾರೆಯಾಯಿತು. ಓಬಳಪ್ಪ ಧಾರೆ ನೋಡಿ, ಊಟ ಮಾಡಿ, ನಾನು ಕೊಟ್ಟದ್ದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಕಣ್ಣು ಬರೆದ ಕನ್ನಡಿ ಚಿತ್ರಗಾರನಿಗೇ ಸೇರಬೇಕಾದದ್ದು ಪದ್ಧತಿಯಂತೆ; ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋದ.

ಅವನ ಮಾತು ಸುಳ್ಳಾಗಲಿಲ್ಲ. ಗರುಡ ನನ್ನನ್ನು ಬಿಡಲಿಲ್ಲ. ಕೋರ್ಟಿಗೆ ಅದರಲ್ಲಿ ಹೋಗುವಂತಿರಲಿಲ್ಲ. ಕಕ್ಷಿದಾರರು ಎದ್ದು ನಿಂತು ಕೈಮುಗಿದು, ಫೀಸನ್ನು ಹುಂಡಿಗೆ ಹಾಕುವವರಂತೆ ಕಣ್ಣುಮುಚ್ಚಿ ಕೈಗೆ ಸಿಕ್ಕಷ್ಟು ಕೊಡುತ್ತಿದ್ದರು. ಮಾರುವಂತಿರಲಿಲ್ಲ, ಯಾರೂ ಬೆಲೆ ಹೇಳುವ ಧೈರ್ಯ ಮಾಡಲಿಲ್ಲ. ಕೊರಟಗೆರೆಯಿಂದ ಪಾವಗಡದವರೆಗೆ ಎಲ್ಲಿ ಮದುವೆಯಾದರೂ ಗಂಡು ಹೆಣ್ಣನ್ನು ಕೂರಿಸಲು ಅದಕ್ಕೆ ಕರೆ ಬರುತ್ತಿತ್ತು. ನಡೆಸಲು ನಾನು, ಬರಿಗಾಲಲ್ಲಿ. ಈಗ ಪೆಟ್ರೋಲಿಗೆ ಬರ ಬಂದ ಮೇಲೆ ಅದು ಕೊಟ್ಟಿಗೆಯಲ್ಲಿ ಕಣ್ಣುಬಿಟ್ಟುಕೊಂಡು ನಿಂತಿದೆ. ಬಣ್ಣ ಒಂದಿಷ್ಟೂ ಮಾಸಿಲ್ಲ. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಲು ಹೋದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಆ ಮೊದಲ ಮದುವೆಯ ಮೂರನೆಯ ದಿನ, ಮಗಳನ್ನು ಸಿರಾಕ್ಕೆ ಕಳಿಸಿಕೊಟ್ಟದ್ದು. ಪದ್ಮನೂ ಅಳಿಯನೂ ಹಿಂದೆ ಕೂತರು. ನಮ್ಮ ಮನೆಯಾಕೆ ಬಾಗಿಲ ರೆಕ್ಕೆ ಹಿಡಿದು ನಿಂತುಕೊಂಡು, "ಬಡವನಹಳ್ಳಿ ತನಕನಾದರೂ ನಾನೂ ಬರ್ತಿದ್ದೆ" ಎಂದಳು. ದೇವರಲ್ಲದವರು ಹತ್ತುವಂತಿರಲಿಲ್ಲ; ಕಣ್ಣಿಗೆ ಮಸಿ ಬಳಿಯಬೇಡಿ ಎಂದವಳು ಅವಳೇ. ರೆಕ್ಕೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಹಿಂದಕ್ಕೆ ಸರಿದಳು.

ದೇವಸ್ಥಾನದಲ್ಲಿ ಗರುಡ ದೇವರ ಎದುರಿಗೆ ಕೈಮುಗಿದು ನಿಂತು ಬೇಕಾದಷ್ಟು ಹೊತ್ತು ನೋಡುತ್ತಾನೆ. ವಾಹನವಾದ ದಿನ ಮಾತ್ರ ಅವನಿಗೆ ಆ ಅನುಕೂಲವಿಲ್ಲ. ಹೊತ್ತವನಿಗೆ ತಾನು ಹೊತ್ತವರ ಮುಖ ಕಾಣುವುದಿಲ್ಲ. ಕಣ್ಣನ್ನು ಮುಂದಕ್ಕೇ ಬರೆದಿರುತ್ತಾರೆ. ನನ್ನ ಕನ್ನಡಿಯಂತೂ ಆಗಲೇ ನಿಡುಗಲ್ಲಿನ ದಾರಿ ಹಿಡಿದಿತ್ತು. ಊರು ದಾಟುವವರೆಗೆ ಹಿಂದಿನಿಂದ ಅಳುವ ಸದ್ದು ಬರುತ್ತಿತ್ತು. ಬಡವನಹಳ್ಳಿಯ ಹತ್ತಿರ ಅದು ನಿಂತಿತು. ಆಮೇಲೆ ಮೇಷ್ಟರು ತಗ್ಗಿದ ದನಿಯಲ್ಲಿ ಏನೋ ಹೇಳಿದ್ದು ಕೇಳಿಸಿತು, ಏನೆಂದು ಕೇಳಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ಹಾಡಿಕೊಳ್ಳತೊಡಗಿದಳು, ಅಕ್ಕಿ ಆರಿಸುವಾಗಿನ ಆ ಹಾಡನ್ನೇ.

ನಾನು ತಿರುಗಲಿಲ್ಲ. ರಬ್ಬರ್ ಬುಂಡೆಯನ್ನು ಹಿಚುಕಿ ಎರಡು ಸಲ ಹಾರನ್ ಮಾಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.